ಟ್ರೇಲರ್‌ನಲ್ಲಿದ್ದ ಮರಳುಹುಳ ಎಲ್ಲಿ ಹೋಯಿತು?

ಬಾಹ್ಯಾಕಾಶದ ವಿಡಿಯೋ ಗೇಮ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ರಾಗ ಹಾಡುತ್ತಿವೆ: ತೋರಿಸಿದ್ದೊಂದು, ಕೈಗೆ ಬಂದದ್ದೊಂದು. ಈ ಸಲದ ಅಂಕಣ ಅವಕ್ಕೇ ಮೀಸಲು.

ಪ್ರಶ್ನೆ: ಸೇಲ್‌ನಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಕೊಂಡೆ. ಚೆನ್ನಾಗಿಯೇ ಇದೆ. ಅಣ್ಣ ಮಾತ್ರ “ಅದನ್ಯಾಕೆ ಕೊಂಡೆ ಮಾರಾಯ” ಎಂದು ನಗುತ್ತಾನೆ. ಹಳೇ ಟ್ರೇಲರ್ ನೋಡಿದೆ, ಮರಳು ಸೀಳಿಕೊಂಡು ಏಳುವ ದೈತ್ಯ ಹುಳ ಇದೆ. ನನಗಿನ್ನೂ ಸಿಕ್ಕಿಲ್ಲ. ಅವನು ಹೇಳುವುದು ನಿಜವೇ? (ದಾವಣಗೆರೆ)

ಉತ್ತರ: ಇಬ್ಬರೂ ಸರಿ, ಇಸವಿ ಬೇರೆ ಬೇರೆ. ನಿಮ್ಮಣ್ಣನ ತಲೆಯಲ್ಲಿರುವುದು 2016ರ ಆಗಸ್ಟ್‌ನ ಆಟ. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಹಲೋ ಗೇಮ್ಸ್ ಎಂಬ ಪುಟ್ಟ ಸಂಸ್ಥೆ 2013ರ ಡಿಸೆಂಬರ್‌ನಲ್ಲಿ ಇದನ್ನು ಘೋಷಿಸಿತು. ಮುಂದಿನ ಎರಡೂವರೆ ವರ್ಷ ಅದರ ಮುಖ್ಯಸ್ಥ ಷಾನ್ ಮರ್ರಿ ಸಂದರ್ಶನಗಳಲ್ಲಿ ಕೇಳಿದ್ದಕ್ಕೆಲ್ಲ ‘ಹೌದು’ ಎನ್ನುತ್ತ ಹೋದರು. ಕೊನೆಗೆ 60 ಡಾಲರ್ ಕೊಟ್ಟವರಿಗೆ ಆ ‘ಹೌದು’ಗಳಲ್ಲಿ ಹಲವು ಸಿಗಲಿಲ್ಲ. ಬಿಡುಗಡೆಯಾದ ದಿನವೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತರು. ಒಬ್ಬರಿಗೊಬ್ಬರು ಕಾಣಲಿಲ್ಲ. ಯುರೋಪಿನಲ್ಲಿ ಮಾರಾಟವಾದ ಲಿಮಿಟೆಡ್ ಎಡಿಷನ್ ಡಬ್ಬಿಗಳ ಮೇಲಂತೂ ‘ಆನ್‌ಲೈನ್ ಆಟ’ ಎಂಬ ಚಿಹ್ನೆಯ ಮೇಲೆ ಸ್ಟಿಕ್ಕರ್ ಅಂಟಿಸಿದ್ದರು. ಕೆರೆದು ನೋಡಿದವರಿಗೆ ಅಡಿಯಲ್ಲಿದ್ದದ್ದು ಕಂಡಿತು. ಇಷ್ಟು ಸಾಲದೇ, ಜನ ಕೆರಳುವುದಕ್ಕೆ?

ನೀವು ಆಡುತ್ತಿರುವುದು ಅದರ ಮೇಲೆ ವರ್ಷಗಟ್ಟಲೆ ಬಿಟ್ಟಿಯಾಗಿ ಪೇರಿಸಿದ ಆಟ. 2016ರ ನವೆಂಬರ್‌ನಲ್ಲಿ ಮನೆ ಕಟ್ಟುವುದು ಬಂತು, 2017ರ ಮಾರ್ಚ್‌ನಲ್ಲಿ ನೆಲದ ವಾಹನ. ಅದೇ ವರ್ಷದ ಆಗಸ್ಟ್‌ನಲ್ಲಿ ಬೇರೆ ಆಟಗಾರರು ಬರೀ ತೇಲುವ ಬೆಳಕಿನ ಗುಂಡುಗಳಾಗಿ ಕಾಣಿಸಿದರು. ಕೈಕಾಲು ಇರುವ ಮನುಷ್ಯರಾಗಿ ಕಂಡದ್ದು 2018ರ ಜುಲೈನ ‘ನೆಕ್ಸ್ಟ್’ ಅಪ್‌ಡೇಟ್‌ನಲ್ಲಿ. ನಿಮ್ಮ ಹುಳ ಬಂದದ್ದು 2020ರ ಸೆಪ್ಟೆಂಬರ್‌ನ ‘ಒರಿಜಿನ್ಸ್’ನಲ್ಲಿ. ಅದು ಎಲ್ಲ ಗ್ರಹಗಳಲ್ಲೂ ಇರುವುದಿಲ್ಲ, ಒಂದೇ ಕಡೆ ಕಾದು ಕೂರಬೇಡಿ. ಬಿಡುಗಡೆಯ ಕಾಲದಲ್ಲಿ ಛೀಮಾರಿಯಿಂದ ತುಂಬಿದ್ದ, ಪಿಸಿ ಆಟ ಮಾರುವ ಜಾಲತಾಣ ಸ್ಟೀಮ್‌ನ ವಿಮರ್ಶೆಗಳು ‘ಬಹುಪಾಲು ಮೆಚ್ಚುಗೆ’ಗೆ ಏರಿದ್ದು 2021ರಲ್ಲಿ, ‘ತುಂಬಾ ಮೆಚ್ಚುಗೆ’ಗೆ ಮುಟ್ಟಿದ್ದು 2024ರ ಕೊನೆಗೆ. ಎಂಟು ವರ್ಷ ಹಿಡಿಯಿತು.

ಒಂದು ಮಾತು ಸೇರಿಸಬೇಕು. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ದೂರುಗಳನ್ನು ವಿಚಾರಿಸಿ, ಸ್ಟೀಮ್ ಪುಟದಲ್ಲಿದ್ದ ಜಾಹೀರಾತು ದಾರಿ ತಪ್ಪಿಸುವಂಥದ್ದಲ್ಲ ಎಂದು 2016ರ ನವೆಂಬರ್ 30ರಂದು ತೀರ್ಪಿತ್ತಿತು. ಅದು ನೋಡಿದ್ದು ಆ ಪುಟದಲ್ಲಿದ್ದ ವಿಡಿಯೋ, ಚಿತ್ರ, ಬರಹಗಳನ್ನು. ಜನರ ಸಿಟ್ಟಿನ ಬಹುಪಾಲು ಸಂದರ್ಶನದ ಬಾಯಿಮಾತಿನ ಮೇಲಿತ್ತು.

ಪ್ರಶ್ನೆ: ಅದೇ ಆಟದಲ್ಲಿ ಹದಿನೆಂಟು ಕ್ವಿಂಟಿಲಿಯನ್ ಗ್ರಹಗಳಿವೆ ಅನ್ನುತ್ತಾರೆ. ನನಗೆ ಮೂವತ್ತು ಗ್ರಹ ಸುತ್ತುವಷ್ಟರಲ್ಲಿ ಎಲ್ಲ ನೋಡಿದ ಹಾಗೇ ಅನಿಸತೊಡಗಿತು. ಲೆಕ್ಕ ಸುಳ್ಳೇ? (ಹೊನ್ನಾವರ)

ಉತ್ತರ: ಲೆಕ್ಕ ಅಪ್ಪಟ. 2ನ್ನು 64 ಸಲ ಗುಣಿಸಿ: 18,446,744,073,709,551,616. ನಮ್ಮ ಎಣಿಕೆಯಲ್ಲಿ 1.84 ಲಕ್ಷ ಕೋಟಿ ಕೋಟಿ. ಸೆಕೆಂಡಿಗೊಂದರಂತೆ ನೋಡಿದರೂ ಮುಗಿಯಲು 58 ಸಾವಿರ ಕೋಟಿ ವರ್ಷ ಬೇಕು. ಯಾರೂ ಕೂತು ಇವನ್ನು ಬಿಡಿಸಿಲ್ಲ, ಡಿಸ್ಕ್‌ನಲ್ಲೂ ಇವು ಇಲ್ಲ. ಪ್ರತಿ ಗ್ರಹಕ್ಕೆ 64 ಬಿಟ್‌ನ ಒಂದು ಬೀಜಸಂಖ್ಯೆ ಇದೆ. ನೀವು ಹತ್ತಿರ ಹೋದಾಗ ಅದನ್ನು ಸೂತ್ರಗಳಿಗೆ ಕೊಟ್ಟು ಬೆಟ್ಟ, ಬಣ್ಣ, ಗಿಡ, ಪ್ರಾಣಿಗಳನ್ನು ಆ ಕ್ಷಣಕ್ಕೆ ಹುಟ್ಟಿಸಲಾಗುತ್ತದೆ. ಬಿಟ್ಟು ಹೋದರೆ ಅಳಿಸಿಹೋಗುತ್ತದೆ. ಮರಳಿ ಬಂದರೆ ಬೀಜ ಅದೇ ಆದ್ದರಿಂದ ಬೆಟ್ಟವೂ ಅದೇ.

ಹಾಗಾದರೆ ಬೇಸರ ಎಲ್ಲಿಂದ? ಸಣ್ಣ ಲೆಕ್ಕ ಹಾಕಿ ನೋಡೋಣ. ಪ್ರಾಣಿ ಮಾಡಲು 10 ತಲೆ, 10 ಮೈ, 10 ಜೊತೆ ಕಾಲು, 10 ಬಾಲ ಇವೆ ಎನ್ನಿ. ಜೋಡಿಸಿದರೆ 10,000 ಬೇರೆ ಬೇರೆ ಪ್ರಾಣಿ. ಜಾಹೀರಾತಿನಲ್ಲಿ ಬರುವುದು ಈ ಹತ್ತು ಸಾವಿರ. ಆದರೆ ಹತ್ತು ತಲೆಗಳನ್ನೂ ಒಮ್ಮೆಯಾದರೂ ನೋಡಿ ಮುಗಿಸಲು ಸರಾಸರಿ 29 ಪ್ರಾಣಿ ಸಾಕು. ಮೂವತ್ತನೆಯದಕ್ಕೆ ಬರುವಷ್ಟರಲ್ಲಿ ತಲೆಯೂ ಪರಿಚಿತ, ಬಾಲವೂ ಪರಿಚಿತ. ಇನ್ನು 9,970 ಬಾಕಿ ಇದ್ದರೂ ಕಣ್ಣು ‘ಗೊತ್ತು ಬಿಡು’ ಎನ್ನುತ್ತದೆ. ಒಂದೇ ಹಿಟ್ಟಿನಲ್ಲಿ ದೋಸೆ, ಪಡ್ಡು, ಉತ್ತಪ್ಪ ಎಲ್ಲ ಹುಯ್ಯಬಹುದು, ನಾಲಿಗೆಗೆ ಹಿಟ್ಟು ಗೊತ್ತಾಗಿಬಿಡುತ್ತದೆ. ನಿಮಗೆ ಮೂವತ್ತಕ್ಕೇ ಸಾಕಾದದ್ದು ಕಾಕತಾಳೀಯವಿರಬಹುದು, ಅಚ್ಚರಿಯೇನಲ್ಲ.

ಇಂಥ ಯಾವುದೇ ಆಟ ಕೊಳ್ಳುವಾಗ ‘ಎಷ್ಟು ಗ್ರಹ’ ಎಂದು ಕೇಳಬೇಡಿ. ಎಷ್ಟು ಬಗೆಯ ಹವೆ, ಎಷ್ಟು ಬಗೆಯ ಕಟ್ಟಡ, ಇಳಿದ ಮೇಲೆ ಮಾಡಲು ಎಷ್ಟು ಬಗೆಯ ಕೆಲಸ? ಈ ಮೂರು ಅಂಕಿ ಸಾಮಾನ್ಯವಾಗಿ ಎರಡಂಕಿ ದಾಟುವುದಿಲ್ಲ, ಅದಕ್ಕೇ ಜಾಹೀರಾತಿನಲ್ಲಿ ಕಾಣುವುದೂ ಇಲ್ಲ.

ಪ್ರಶ್ನೆ: ಈಗಲೂ ನಾನು, ಗೆಳತಿ ‘ನೋ ಮ್ಯಾನ್ಸ್ ಸ್ಕೈ’ನಲ್ಲಿ ಒಬ್ಬರಿಗೊಬ್ಬರು ಕಾಣಿಸುತ್ತಿಲ್ಲ. ಅವಳದು ಪ್ಲೇಸ್ಟೇಷನ್, ನನ್ನದು ಪಿಸಿ. (ಮೈಸೂರು)

ಉತ್ತರ: ಇದು ಸೆಟ್ಟಿಂಗ್ ತಕರಾರು. ಬೇರೆ ಬೇರೆ ಯಂತ್ರಗಳ ನಡುವೆ ಆಡುವ ಸೌಲಭ್ಯ 2020ರ ಜೂನ್‌ನಿಂದ ಇದೆ. ಇಬ್ಬರೂ ಆಪ್ಷನ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಮಲ್ಟಿಪ್ಲೇಯರ್ ಆನ್ ಇದೆಯೇ ನೋಡಿ. ಸ್ಟೀಮ್‌ನ ಗೆಳೆಯರ ಪಟ್ಟಿಯಲ್ಲಿ ಪ್ಲೇಸ್ಟೇಷನ್‌ನವರು ಬರುವುದಿಲ್ಲ, ಆಟದೊಳಗಿನ ಫ್ರೆಂಡ್ ಕೋಡ್ ಹಂಚಿಕೊಂಡು ಸೇರಿಸಿ. ಆಟ ಶುರು ಮಾಡುವಾಗಲೇ ಮುಖ್ಯ ಮೆನುವಿನಿಂದ ಅವಳ ಆಟಕ್ಕೆ ‘ಜಾಯಿನ್’ ಆಗಿ. ಇಬ್ಬರೂ ಬೇರೆ ಬೇರೆಯಾಗಿ ಶುರು ಮಾಡಿ ಒಂದೇ ಗ್ರಹಕ್ಕೆ ಹೋಗಿ ಹುಡುಕಾಡುವುದಕ್ಕಿಂತ ಇದು ವಾಸಿ. ಕಥೆಯಲ್ಲಿ ‘ಅನಾಮಲಿ’ ನಿಲ್ದಾಣ ತೆರೆದುಕೊಂಡಿದ್ದರೆ ಅಲ್ಲಿ ಭೇಟಿಯಾಗುವುದು ಇನ್ನೂ ಸುಲಭ.

ಪ್ರಶ್ನೆ: ‘ಸ್ಟಾರ್‌ಫೀಲ್ಡ್’ನಲ್ಲಿ ನೌಕೆಯನ್ನು ನಾವೇ ಹಾರಿಸಿಕೊಂಡು ಗ್ರಹಕ್ಕೆ ಇಳಿಯಲು ಯಾಕೆ ಆಗುವುದಿಲ್ಲ? ನಡೆಯುತ್ತ ಹೋದರೆ ಒಂದು ಕಡೆ ‘ಮುಂದೆ ದಾರಿಯಿಲ್ಲ’ ಎಂದು ನಿಲ್ಲಿಸುತ್ತದೆ. (ಹುಬ್ಬಳ್ಳಿ)

ಉತ್ತರ: ಇಲ್ಲಿ ಆಟ ಮಾಡಿದವರ ಪರ ವಾದಿಸಬೇಕಾಗಿದೆ. ಬೆಥೆಸ್ಡಾದ ಈ ಆಟ ಬಂದದ್ದು 2023ರ ಸೆಪ್ಟೆಂಬರ್ 6ರಂದು. ಅದಕ್ಕೂ ವರ್ಷದ ಮೊದಲೇ, 2022ರ ಜೂನ್‌ನಲ್ಲಿ, ನಿರ್ದೇಶಕ ಟಾಡ್ ಹೊವರ್ಡ್ ಆಕಾಶದಿಂದ ನೇರ ನೆಲಕ್ಕೆ ಹಾರಿ ಇಳಿಯುವುದು ಇಲ್ಲ, ನೆಲವೇ ಒಂದು ಲೋಕ, ಬಾಹ್ಯಾಕಾಶವೇ ಇನ್ನೊಂದು ಎಂದು ಬಿಡಿಸಿ ಹೇಳಿದ್ದರು. ಸಾವಿರಕ್ಕೂ ಹೆಚ್ಚು ಗ್ರಹಗಳಲ್ಲಿ ಜೀವವಿರುವವು ಸುಮಾರು ಶೇಕಡ 10 ಎಂದೂ ಬಿಡುಗಡೆಗೆ ಮೊದಲೇ ಹೇಳಿದ್ದರು. ಆದರೂ ಜನ ‘ನೋ ಮ್ಯಾನ್ಸ್ ಸ್ಕೈ’ ಆಡಿದ ಕಣ್ಣಲ್ಲೇ ಇದನ್ನು ನೋಡಿದರು. ಯಾರೂ ಕೊಡದ ಮಾತನ್ನು ಯಾರೂ ಮುರಿದಿಲ್ಲ.

ಒಳಗೆ ನಡೆಯುವುದು ಇಷ್ಟು: ನಕ್ಷೆಯಲ್ಲಿ ನೀವು ಒತ್ತಿದ ಚುಕ್ಕಿಯ ಸುತ್ತ ಒಂದು ಚೌಕ ನೆಲ ಹುಟ್ಟುತ್ತದೆ, ಅದರ ಅಂಚೇ ನೀವು ಮುಟ್ಟಿದ ಗೋಡೆ. ನೌಕೆಗೆ ಮರಳಿ ಪಕ್ಕದಲ್ಲಿ ಇನ್ನೊಂದು ಚುಕ್ಕಿ ಒತ್ತಿದರೆ ಇನ್ನೊಂದು ಚೌಕ. ಒಳಗಿನ ನಡಿಗೆ ಸಾಕಾಗಿದ್ದರೆ 2024ರ ಆಗಸ್ಟ್‌ನಲ್ಲಿ ಬಿಟ್ಟಿ ಕೊಟ್ಟ ರೆವ್-8 ಗಾಡಿಯನ್ನು ನೌಕೆ ಮಾರುವವರ ಬಳಿ ಆಟದೊಳಗಿನ ಹಣದಲ್ಲಿ ಕೊಳ್ಳಿ. ನಿಮ್ಮ ಪತ್ರದಲ್ಲಿ ಮಾತು ತಡವಾಗಿ ಕೇಳಿಸುತ್ತದೆ ಎಂದೂ ಬರೆದಿದ್ದೀರಿ. ಆಟವನ್ನು ಹಳೇ ಹಾರ್ಡ್ ಡಿಸ್ಕ್‌ಗೆ ಹಾಕಿರಬೇಕು. ಇದಕ್ಕೆ ವೇಗದ ಎಸ್ಎಸ್‌ಡಿ ಡಿಸ್ಕ್ ಕಡ್ಡಾಯ, ಜಾಗ 125 ಜಿಬಿ.

ಪ್ರಶ್ನೆ: ನಮ್ಮೂರಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ‘ಎಲೀಟ್ ಡೇಂಜರಸ್’ ಒಬ್ಬರೇ ಆಡಬಹುದು ಎಂದು ಓದಿದೆ. ಕೊಳ್ಳಲೇ? (ಕೊಪ್ಪ)

ಉತ್ತರ: ಬೇಡ. ಅದರಲ್ಲಿ ‘ಸೋಲೋ’ ಎಂದರೆ ಬೇರೆ ಆಟಗಾರರು ಕಾಣುವುದಿಲ್ಲ ಎಂದಷ್ಟೇ ಅರ್ಥ, ನೆಟ್ ಬೇಕೇ ಬೇಕು. 2012ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಜನರಿಂದ ಹಣ ಎತ್ತುವಾಗ ಆಫ್‌ಲೈನ್ ಆಟವನ್ನೂ ಕೊಡುತ್ತೇವೆಂದಿದ್ದರು. ಬಿಡುಗಡೆಗೆ ತಿಂಗಳಿದೆ ಎನ್ನುವಾಗ, 2014ರ ನವೆಂಬರ್‌ನಲ್ಲಿ, ಕೈಬಿಟ್ಟರು. ವ್ಯಾಪಾರದ ದರ, ಬಣಗಳ ಬಲಾಬಲವೆಲ್ಲ ಸರ್ವರ್‌ನಲ್ಲೇ ನಡೆಯುವುದರಿಂದ ಕತ್ತರಿಸಿ ತೆಗೆದರೆ ಆಟ ಟೊಳ್ಳಾಗುತ್ತದೆ ಎಂಬುದು ಅವರ ಕಾರಣ. ಕಾರಣ ನಿಜವೇ, ಹೇಳಿದ ಹೊತ್ತು ಮಾತ್ರ ಸರಿಯಿರಲಿಲ್ಲ.

ಪ್ರಶ್ನೆ: ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ 2’ ಕೊಂಡು ಇಟ್ಟಿದ್ದೇನೆ. ಕಾಲೊನಿ, ನಕ್ಷತ್ರಯಾನ ಯಾವಾಗ ಬರುತ್ತದೆ? ಸದ್ಯ ಮೊದಲ ಭಾಗ ಆಡುತ್ತಿದ್ದೇನೆ, ಉದ್ದದ ರಾಕೆಟ್ ಕಟ್ಟಿದರೆ ಶಾವಿಗೆಯಂತೆ ಬಳುಕುತ್ತದೆ. (ಬೆಂಗಳೂರು)

ಉತ್ತರ: ಮೊದಲನೆಯದಕ್ಕೆ ಉತ್ತರ ಚಿಕ್ಕದು, ಕಹಿ. ಎರಡನೇ ಭಾಗ 2023ರ ಫೆಬ್ರವರಿ 24ರಂದು 50 ಡಾಲರಿಗೆ ಅರ್ಲಿ ಆಕ್ಸೆಸ್‌ಗೆ, ಅಂದರೆ ಮುಗಿಯುವ ಮೊದಲೇ ಮಾರಾಟಕ್ಕೆ, ಬಂತು. ಪಟ್ಟಿಯಲ್ಲಿದ್ದದ್ದು ವಿಜ್ಞಾನ, ಕಾಲೊನಿ, ನಕ್ಷತ್ರಯಾನ, ಗಣಿಗಾರಿಕೆ, ಮಲ್ಟಿಪ್ಲೇಯರ್. ಬಂದ ದಿನ, ವಾತಾವರಣಕ್ಕೆ ಮರಳುವಾಗ ನೌಕೆ ಕಾಯುವುದು ಕೂಡ ಇರಲಿಲ್ಲ. ಡಿಸೆಂಬರ್‌ನಲ್ಲಿ ವಿಜ್ಞಾನದ ಭಾಗ ಬಂತು, ಅಲ್ಲಿಗೆ ನಿಂತಿತು. 2024ರಲ್ಲಿ ಕಟ್ಟುತ್ತಿದ್ದ ಸ್ಟುಡಿಯೋವನ್ನೇ ಮುಚ್ಚಿದರು. ಕಾಯಬೇಡಿ.

ಬಳುಕುವುದಕ್ಕೆ ಮದ್ದಿದೆ. ಪ್ರತಿ ತುಂಡನ್ನೂ ಆಟ ಬೇರೆ ವಸ್ತುವೆಂದೇ ಎಣಿಸಿ ಸ್ಪ್ರಿಂಗ್‌ನಂಥ ಕೀಲಿನಿಂದ ಜೋಡಿಸುತ್ತದೆ. ತುಂಡು ಹೆಚ್ಚಿದಷ್ಟೂ ಕೀಲು ಹೆಚ್ಚು, ಬಳುಕು ಹೆಚ್ಚು. ಸಾಲದ್ದಕ್ಕೆ ದಿಕ್ಕು ಸರಿಪಡಿಸುವ ಎಸ್ಎಎಸ್ ಆ ಬಳುಕನ್ನೇ ತಪ್ಪೆಂದು ತಿಳಿದು ಅತ್ತಿತ್ತ ಎಳೆದು ಇನ್ನೂ ತೂಗಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಅಡ್ವಾನ್ಸ್ಡ್ ಟ್ವೀಕಬಲ್ಸ್’ ಆನ್ ಮಾಡಿ. ಕಟ್ಟುವ ಶೆಡ್‌ನಲ್ಲಿ ತುಂಡಿನ ಮೇಲೆ ಬಲ ಕ್ಲಿಕ್ ಒತ್ತಿದರೆ ‘ಆಟೋಸ್ಟ್ರಟ್’ ಸಿಗುತ್ತದೆ. ಉದ್ದದ ಟ್ಯಾಂಕುಗಳಿಗೆ ‘ಗ್ರ್ಯಾಂಡ್‌ಪೇರೆಂಟ್’ ಆರಿಸಿ, ಅಂದರೆ ಒಂದು ತುಂಡು ಬಿಟ್ಟು ಅದರಾಚೆಯದಕ್ಕೆ ಬಿಗಿತ. ಎಲ್ಲಕ್ಕೂ ‘ಹೆವಿಯೆಸ್ಟ್’ ಹಾಕಬೇಡಿ. ಇಂಧನ ಖಾಲಿಯಾದಂತೆ ಅತಿ ಭಾರದ ತುಂಡು ಬದಲಾಗಿ ಬಿಗಿತದ ಜಾಗವೂ ಬದಲಾಗುತ್ತದೆ. ಸಣ್ಣ ಟ್ಯಾಂಕ್ ಮೂರರ ಬದಲು ದೊಡ್ಡದೊಂದನ್ನು ಹಾಕುವುದು ಎಲ್ಲಕ್ಕಿಂತ ಒಳ್ಳೆಯದು.

ಪ್ರಶ್ನೆ: ‘ಸ್ಟಾರ್ ಸಿಟಿಜನ್’ನಲ್ಲಿ ಒಳ್ಳೇ ನೌಕೆ ರಿಯಾಯಿತಿಗೆ ಬಂದಿದೆ. ಕೊಳ್ಳಬಹುದೇ? (ದುಬೈ)

ಉತ್ತರ: 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಸುಮಾರು 21 ಲಕ್ಷ ಡಾಲರ್ ಎತ್ತಿ, 2014ರ ನವೆಂಬರ್‌ಗೆ ಕೊಡುತ್ತೇವೆ ಎಂದ ಆಟವಿದು. 2024ರಲ್ಲಿ ಸಂಗ್ರಹ 70 ಕೋಟಿ ಡಾಲರ್ ದಾಟಿತು, ಆಟ ಆಗಲೂ ಆಲ್ಫಾದಲ್ಲೇ, ಅಂದರೆ ಆರಂಭದ ಪರೀಕ್ಷಾ ಹಂತದಲ್ಲೇ, ಇತ್ತು. ಮೊದಲು ‘ಫ್ರೀ ಫ್ಲೈ’ ದಿನಗಳಲ್ಲಿ ಪುಕ್ಕಟೆ ಆಡಿ ನಿಮ್ಮ ಯಂತ್ರ ಎಳೆಯುತ್ತದೆಯೇ ನೋಡಿ. ಹಿಡಿಸಿದರೆ ಅತಿ ಅಗ್ಗದ ಸ್ಟಾರ್ಟರ್ ಪ್ಯಾಕೇಜ್ ಸಾಕು. ಹಾರಲು ಸಿದ್ಧವಾದ ನೌಕೆಗಳಲ್ಲಿ ಬಹಳಷ್ಟನ್ನು ಆಟದೊಳಗಿನ ಹಣದಲ್ಲೇ ಕೊಳ್ಳಬಹುದು. ‘ಕಾನ್ಸೆಪ್ಟ್’ ಎಂದು ಬರೆದಿದ್ದರೆ ಅದಿನ್ನೂ ಚಿತ್ರ, ಹಾರುವ ನೌಕೆಯಲ್ಲ. ಅಲ್ಲಿಯವರೆಗೆ ಬೇರೆ ನೌಕೆಯನ್ನು ಎರವಲು ಕೊಡುತ್ತಾರೆ.

ಪ್ರಶ್ನೆ: ಸ್ಟೀಮ್‌ನಲ್ಲಿ ಕೊಂಡ ಆಟ ಹೇಳಿದಂತಿಲ್ಲದಿದ್ದರೆ ದುಡ್ಡು ವಾಪಸ್ ಸಿಗುತ್ತದೆಯೇ? (ತುಮಕೂರು)

ಉತ್ತರ: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಕಾರಣ ಏನೇ ಇರಲಿ ಸಿಗುತ್ತದೆ. ಬಿಡುಗಡೆಗೆ ಮೊದಲೇ ಕಾದಿರಿಸಿದ್ದರೆ ಬಿಡುಗಡೆಯವರೆಗೆ ಯಾವಾಗ ಬೇಕಾದರೂ ಹಿಂಪಡೆಯಬಹುದು, ಆಮೇಲೆ ಇದೇ ನಿಯಮ. ಸ್ಟೀಮ್ ಸಪೋರ್ಟ್‌ಗೆ ಹೋಗಿ, ಪರ್ಚೇಸಸ್‌ನಲ್ಲಿ ಆಟ ಆರಿಸಿ, ‘ರಿಫಂಡ್ ಬೇಕು’ ಒತ್ತಿ, ಹಣ ವಾಲೆಟ್‌ಗೋ ಕೊಟ್ಟ ದಾರಿಯಲ್ಲೇ ಮರಳಿಯೋ ಎಂದು ಹೇಳಿ. ಒಪ್ಪಿಗೆಯಾದ ಮೇಲೆ ವಾರದೊಳಗೆ ಬರುತ್ತದೆ.

ಎಡವುವುದು ಆ ಎರಡು ಗಂಟೆಯಲ್ಲಿ. ಮೆನುವಿನಲ್ಲಿ ಬಿಟ್ಟು ಊಟಕ್ಕೆ ಹೋದರೂ ಗಡಿಯಾರ ಓಡುತ್ತಿರುತ್ತದೆ. ಮೊದಲ ಸಲ ತೆರೆದಾಗ ‘ಕಂಪೈಲಿಂಗ್ ಶೇಡರ್ಸ್’ ಎಂದು ಪಟ್ಟಿ ತುಂಬುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ ನಿಮಗೆ ಬೇಕಾದ ಮೂರು ಸಂಗತಿ ಚೀಟಿಯಲ್ಲಿ ಬರೆದಿಡಿ: ‘ತಮ್ಮನ ಜೊತೆ ಆಡಬೇಕು’, ‘ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಬೇಕು’, ‘ನೌಕೆ ನಾನೇ ಇಳಿಸಬೇಕು’, ಹೀಗೆ. ಕಳೆದ 30 ದಿನದ ವಿಮರ್ಶೆಗಳಲ್ಲಿ ಆ ಮೂರನ್ನೇ ಹುಡುಕಿ. ಯಾರಾದರೂ ಕತ್ತರಿಸದೆ ಒಂದು ಗಂಟೆ ಆಡಿದ ವಿಡಿಯೋ ನೋಡಿ. ಪರದೆಯ ಮೂಲೆಯಲ್ಲಿ ಆರೋಗ್ಯದ ಪಟ್ಟಿ, ಗುಂಡಿನ ಎಣಿಕೆ ಕಾಣದಿದ್ದರೆ ಅದು ಆಡಿದ್ದಲ್ಲ, ಕ್ಯಾಮೆರಾ ಓಡಿಸಿದ್ದು ಇರಬಹುದು. ಕೊಂಡ ಮೇಲೆ ಕಥೆ ಹಿಡಿದು ಕೂರದೆ ಆ ಮೂರನ್ನೇ ಮೊದಲು ಪರೀಕ್ಷಿಸಿ, ಒಂದೂ ಮುಕ್ಕಾಲು ಗಂಟೆಗೆ ಫೋನ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ.