ಒಂದು ಮಾತ್ರೆ ನುಂಗಿ ಸ್ಕೂಬಾಗೆ ಇಳಿಯಬಹುದಾ?

(ಹೆಸರು, ಊರು, ಕೆಲಸ ಎಲ್ಲ ಬದಲಾಯಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಸುಮಾ ಅವರಿಗೆ 31 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಎರಡು ವರ್ಷದಿಂದ ಪ್ಯಾನಿಕ್ ಅಟ್ಯಾಕ್ ಕಾಟ. ಮನೋವೈದ್ಯರು ದಿನಾ ಬೆಳಿಗ್ಗೆ ತಗೊಳ್ಳೋಕೆ ಎಸಿಟಾಲೊಪ್ರಾಮ್ ಕೊಟ್ಟಿದ್ದಾರೆ. ತೀರಾ ತಡೆಯೋಕಾಗದಿದ್ದಾಗ ಮಾತ್ರ ಅಂತ ಕ್ಲೊನಾಜೆಪಾಮ್ 0.25 ಮಿ.ಗ್ರಾಂ. ಕೂಡ ಇದೆ.

ಈ ಸಲ ಅವರು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದದ್ದು ಬೇರೆ ವಿಷಯಕ್ಕೆ. ಗಂಡನ ಗೆಳೆಯರೆಲ್ಲ ಸಂಸಾರ ಸಮೇತ ಮುರುಡೇಶ್ವರಕ್ಕೆ ಹೊರಟಿದ್ದರು. ಅಲ್ಲಿಂದ ಬೋಟ್‌ನಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸಮುದ್ರದೊಳಗೆ ಇಳಿಯುವುದು. ದುಡ್ಡೂ ಕಟ್ಟಿ ಆಗಿತ್ತು. "ಬೋಟ್ ಹತ್ತೋ ಮುಂಚೆ ಒಂದು ಕ್ಲೊನಾಜೆಪಾಮ್, ವಾಂತಿ ಬರದ ಹಾಗೆ ಒಂದು ಅವೊಮಿನ್. ಅಷ್ಟು ಸಾಕಲ್ವಾ ಮೇಡಂ?" ಅಂದರು. ಡೈವಿಂಗ್‌ಗೆ ಮುಂಚೆ ತುಂಬಿಸುವ ಆರೋಗ್ಯದ ಫಾರ್ಮ್‌ನಲ್ಲಿ ಪ್ಯಾನಿಕ್ ಅಟ್ಯಾಕ್ ಬಗ್ಗೆ ಕೇಳಿದರೆ 'ಇಲ್ಲ' ಅಂತ ಟಿಕ್ ಹಾಕು ಅಂತ ಭಾವ ಹೇಳಿಕೊಟ್ಟಿದ್ದರಂತೆ.

ಹಾಗೆ ಮಾಡಬೇಡಿ ಅಂತ ನೇರವಾಗಿಯೇ ಹೇಳಿದೆ. ಮಾತ್ರೆ ಕೊಡುವುದು, ನಿಲ್ಲಿಸುವುದು ಮನೋವೈದ್ಯರ ಕೆಲಸ, ನನ್ನದಲ್ಲ. ಆದರೆ ಯಾಕೆ ಬೇಡ ಅನ್ನುವುದು ಅವರಿಗೆ ಅರ್ಥವಾಗಬೇಕಿತ್ತು.

ಪ್ಯಾನಿಕ್‌ಗೆ ಅಂತ ಅವರ ಬಳಿ ಇರುವ ಎರಡು ಮಾತ್ರೆಗಳು ಒಂದೇ ಥರದವಲ್ಲ. ಕ್ಲೊನಾಜೆಪಾಮ್ ಮಂಪರು ತರುತ್ತದೆ, ತಟ್ಟನೆ ಯೋಚಿಸಿ ಕೈ ಆಡಿಸುವ ಚುರುಕನ್ನು ತಗ್ಗಿಸುತ್ತದೆ. ಅವೊಮಿನ್ ಕೂಡ ನಿದ್ದೆ ಬರಿಸುವ ಮಾತ್ರೆಯೇ. ಎರಡೂ ಸೇರಿದರೆ ಮಂಪರು ಇನ್ನೂ ಜಾಸ್ತಿ. ನೀರೊಳಗೆ ಮಾಸ್ಕ್‌ಗೆ ನೀರು ನುಗ್ಗಿದಾಗ, ಕಿವಿ ನೋಯಲು ಶುರುವಾದಾಗ, ಇನ್‌ಸ್ಟ್ರಕ್ಟರ್ ಕೈಸನ್ನೆ ಮಾಡಿದಾಗ ಆ ಚುರುಕೇ ಬೇಕು. "ಹಾಗಾದ್ರೆ ಹಿಂದಿನ ರಾತ್ರಿ ತಗೊಳ್ತೀನಿ" ಅಂದರು. ಅದೂ ಆಗದು. ಕ್ಲೊನಾಜೆಪಾಮ್ ಮೈಯಿಂದ ಇಳಿಯಲು ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ದಿನದ ಮಾತ್ರೆಯ ಲೆಕ್ಕ ಬೇರೆ. ಎಸಿಟಾಲೊಪ್ರಾಮ್ ತಗೊಳ್ಳುವವರು ಡೈವ್ ಮಾಡಲೇಬಾರದು ಅಂತೇನಿಲ್ಲ. ಕನಿಷ್ಠ ಮೂರು ತಿಂಗಳು ಒಂದೇ ಡೋಸ್‌ನಲ್ಲಿ ಆರಾಮಾಗಿದ್ದು, ತಲೆಸುತ್ತು, ಮಂಪರು ಏನೂ ಇಲ್ಲದಿದ್ದರೆ, ಪ್ಯಾನಿಕ್ ಅಟ್ಯಾಕ್ ಹತೋಟಿಯಲ್ಲಿದ್ದರೆ ಡೈವಿಂಗ್ ಬಲ್ಲ ವೈದ್ಯರು ಕೆಲವರಿಗೆ ಒಪ್ಪಿಗೆ ಕೊಡುತ್ತಾರೆ. ಸುಮಾ ಅವರಿಗೆ ಹಿಂದಿನ ತಿಂಗಳಷ್ಟೇ ಡೋಸ್ ಏರಿಸಿದ್ದರು. ಇಷ್ಟು ಕೇಳಿ ಮಾತ್ರೆಯನ್ನೇ ನಿಲ್ಲಿಸಿಬಿಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಸಿಟಾಲೊಪ್ರಾಮ್ ಆಗಲಿ, ದಿನಾ ತಗೊಳ್ಳುತ್ತಿದ್ದ ಕ್ಲೊನಾಜೆಪಾಮ್ ಆಗಲಿ ಏಕಾಏಕಿ ಬಿಟ್ಟರೆ ಆತಂಕ ತಿರುಗಿ ಬರಬಹುದು. ಕ್ಲೊನಾಜೆಪಾಮ್ ಬಿಟ್ಟವರಿಗೆ ಫಿಟ್ಸ್ ಕೂಡ ಬರಬಹುದು. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರೂ ಡೈವಿಂಗ್‌ಗೆ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಅದು ಎದೆಬಡಿತ ಹೆಚ್ಚು ಏರಲು ಬಿಡುವುದಿಲ್ಲ. ಅಲೆ ಜೋರಿದ್ದು ಮೈ ದುಡಿಯಬೇಕಾದಾಗ ಸುಸ್ತು ಹೊಡೆಸಬಹುದು.

ನನಗೆ ಜಾಸ್ತಿ ಕಳವಳವಾದದ್ದು ಅವರು ಆಮೇಲೆ ಹೇಳಿದ ಮಾತಿಗೆ. "ನೀರೊಳಗೆ ಭಯ ಆದ್ರೆ ಉಸಿರು ಎಳೆದು, ನಾಲ್ಕು ಎಣಿಸೋವರೆಗೂ ಹಿಡಿದು, ಆಮೇಲೆ ಬಿಡ್ತೀನಿ. ಮನೆಯಲ್ಲಿ ಅದರಿಂದಲೇ ಸಮಾಧಾನ ಆಗುತ್ತೆ." ಯೋಗದ ತರಗತಿಯಲ್ಲಿ ಕಲಿತದ್ದು, ಮನೆಯಲ್ಲಿ ಒಳ್ಳೆಯದೇ. ಸ್ಕೂಬಾದಲ್ಲಿ ಮಾತ್ರ ಉಸಿರು ಹಿಡಿಯುವಂತೆಯೇ ಇಲ್ಲ, ಅದು ಅಲ್ಲಿನ ಮೊದಲ ಪಾಠ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎದೆ ತುಂಬ ಎಳೆದ ಉಸಿರನ್ನು ಹಿಡಿದುಕೊಂಡೇ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಶ್ವಾಸಕೋಶ ಹರಿಯಬಹುದು. ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೂ ಹೋಗಬಹುದು. ಒಂದೆರಡು ಮೀಟರ್ ಆಳದಿಂದ ಬಂದರೂ ಅಪಾಯ ತಪ್ಪಿದ್ದಲ್ಲ. ಪ್ಯಾನಿಕ್ ಆದವರು ಮಾಡುವುದು ಇದನ್ನೇ ಅಲ್ವಾ? ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗುತ್ತಾರೆ.

ಫಾರ್ಮ್‌ನಲ್ಲಿ ಸುಳ್ಳು ಬರೆದರೆ ಪಕ್ಕದಲ್ಲಿರುವ ಇನ್‌ಸ್ಟ್ರಕ್ಟರ್‌ಗೆ ಇದ್ಯಾವುದೂ ಗೊತ್ತಿರುವುದಿಲ್ಲ. ಸುಮಾ ಜೊತೆಗೆ ಆ ಇನ್‌ಸ್ಟ್ರಕ್ಟರ್ ಜೀವವೂ ಅಪಾಯಕ್ಕೆ ಬೀಳುತ್ತದೆ. ಭಾವ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಆ ಸಲಹೆ ತಪ್ಪು.

"ಇಷ್ಟು ಕಷ್ಟಪಟ್ಟು ಹೋಗಲೇಬೇಕು ಅಂತ ಯಾಕೆ?" ಅಂತ ಕೇಳಿದೆ. ಕಣ್ಣು ತುಂಬಿಕೊಂಡರು. "ಎರಡು ವರ್ಷದಿಂದ ಎಲ್ಲದಕ್ಕೂ ಬರಲ್ಲ ಅಂತಲೇ ಹೇಳ್ತಿದ್ದೀನಿ ಮೇಡಂ. ಇದೊಂದು ಮಾಡಿಬಿಟ್ರೆ ನಾನು ಹುಷಾರಾಗಿದ್ದೀನಿ ಅಂತ ಗೊತ್ತಾಗುತ್ತೆ." ಆ ಆಸೆ ಸಣ್ಣದಲ್ಲ. ಆದರೆ ಮಾತ್ರೆ ನುಂಗಿ ಇಳಿದು, ಎಲ್ಲ ಸರಿಯಾಗಿ ಮುಗಿದರೂ ಮನಸ್ಸು ಕಲಿಯುವುದು 'ಮಾತ್ರೆ ಇತ್ತು, ಬಚಾವಾದೆ' ಅಂತಷ್ಟೇ. ಧೈರ್ಯ ಬೆಳೆಯುವುದಿಲ್ಲ. ಆ ದಿನ ನೀರಿಗಿಳಿಯಲು ಮಾತ್ರೆ ಬೇಕೇ ಬೇಕು ಅನಿಸಿದರೆ ಆ ದಿನ ಇಳಿಯಬಾರದು. ಇದನ್ನು ನಾನು ಯಾರಿಗಾದರೂ ಹೇಳುತ್ತೇನೆ.

ಮರುದಿನ ಅವರು ಮನೋವೈದ್ಯರನ್ನು ಕಂಡರು. ಅವರೂ ಈಗ ಬೇಡ ಅಂದರು. ಪ್ರವಾಸ ಬಿಡುವುದು ಬೇಡ, ಗಂಡನಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಹೋಗಿಬನ್ನಿ ಅಂತ ನಾನು ಹೇಳಿದೆ. ಹೇಳಿದರು, ಹೋದರು, ದಡದಲ್ಲೇ ಉಳಿದರು. ಗಂಡನಿಗೆ ಬೇಜಾರೇನೂ ಆಗಲಿಲ್ಲವಂತೆ.

ಈಗ ಈಜು ಕಲಿಯಲು ಸೇರಿದ್ದಾರೆ. ಮುಖ ನೀರಲ್ಲಿಟ್ಟು ಉಸಿರು ಬಿಡುವುದು, ಆಮೇಲೆ ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿ ತೇಲುವುದು, ಆಮೇಲೆ ಆಳದ ಕಡೆಗೆ. ಹೀಗೆ ಒಂದೊಂದೇ ಹೆಜ್ಜೆ, ಯಾವುದಕ್ಕೂ ಕ್ಲೊನಾಜೆಪಾಮ್ ಇಲ್ಲದೆ. ಭಯವಾದರೆ ಉಸಿರು ಹಿಡಿಯದೆ ಉದ್ದಕ್ಕೆ ಬಿಡುವುದನ್ನು ಇಬ್ಬರೂ ಸೇರಿ ಅಭ್ಯಾಸ ಮಾಡುತ್ತಿದ್ದೇವೆ. ಮಳೆಗಾಲದಲ್ಲಿ ನೇತ್ರಾಣಿಯಲ್ಲಿ ಡೈವಿಂಗ್ ಹೇಗೂ ಇರುವುದಿಲ್ಲ. ಅದು ಕಳೆದ ಮೇಲೆ ವೈದ್ಯರು ಸಹಿ ಹಾಕಿದರೆ, ಮೊದಲು ಈಜುಕೊಳದಲ್ಲಿ ಸಿಲಿಂಡರ್ ಕಟ್ಟಿ ನೋಡುವುದು. ಸಮುದ್ರದ ಮಾತು ಅದಾದ ಮೇಲೆ.