ಹಳೆಯ ಕಂಪ್ಯೂಟರುಗಳ ಎಮ್ಯುಲೇಟರ್: ಕಾನೂನು ಪ್ರಶ್ನೋತ್ತರ

ಪ್ರಶ್ನೆ: ಬಾಲ್ಯದಲ್ಲಿ ನಾನು ಬಳಸುತ್ತಿದ್ದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರ್ ಕೆಟ್ಟು ಮೂಲೆ ಸೇರಿದೆ. ಅದರ ಎಮ್ಯುಲೇಟರನ್ನು ಈಗಿನ ಕಂಪ್ಯೂಟರಿನಲ್ಲಿ ಬಳಸುವುದು ಅಪರಾಧವೇ? ಆ ಯಂತ್ರದ ಮಾರಾಟ ನಿಂತೇ ದಶಕಗಳಾದವಲ್ಲ?

ಉತ್ತರ: ಯಂತ್ರದ ವರ್ತನೆಯನ್ನು ಅನುಕರಿಸುವ ಎಮ್ಯುಲೇಟರ್ ಬೇರೆ, ಆ ಯಂತ್ರದ ಚಿಪ್ಪಿನಲ್ಲಿದ್ದ ಮೂಲ ತಂತ್ರಾಂಶದ ನಕಲಾದ ರೋಮ್ ಕಡತ ಬೇರೆ. ಸ್ವತಂತ್ರವಾಗಿ ಬರೆದ ಎಮ್ಯುಲೇಟರಿಗೆ ಅಂಜಬೇಕಾದ್ದಿಲ್ಲ. ಪ್ಲೇಸ್ಟೇಷನ್ನಿನ ಎಮ್ಯುಲೇಟರ್ ತಯಾರಿಸಿದ ಕನೆಕ್ಟಿಕ್ಸ್ ಮೇಲೆ ಸೋನಿ ಹೂಡಿದ ದಾವೆಯಲ್ಲಿ, ಅಧ್ಯಯನದ ಹಂತದಲ್ಲಿ ಮೂಲ ತಂತ್ರಾಂಶವನ್ನು ನಕಲು ಮಾಡಿಕೊಂಡಿದ್ದರೂ ಮಾರಾಟದ ಉತ್ಪನ್ನದಲ್ಲಿ ಅದು ಇಲ್ಲದಿದ್ದುದರಿಂದ, ಅಂಥ ನಕಲು ಹಕ್ಕುದಾರರ ಅನುಮತಿ ಬೇಡದ ನ್ಯಾಯೋಚಿತ ಬಳಕೆಯೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ತೀರ್ಪಿತ್ತಿತು.

ತೊಡಕಿರುವುದು ರೋಮ್‌ನಲ್ಲಿ. ಚಿಪ್ಪಿನೊಳಗಿನ ತಂತ್ರಾಂಶಕ್ಕೆ ಹಕ್ಕುಸ್ವಾಮ್ಯ ಸಲ್ಲದೆಂಬ ವಾದವನ್ನು, ತನ್ನ ಕಂಪ್ಯೂಟರಿನ ನಕಲು ತಯಾರಿಸಿದ ಫ್ರಾಂಕ್ಲಿನ್ ಕಂಪನಿಯ ಮೇಲೆ ಆಪಲ್ ಅಮೆರಿಕದಲ್ಲಿ ಹೂಡಿದ ಪ್ರಕರಣದಲ್ಲಿ 1983ರಲ್ಲೇ ತಳ್ಳಿಹಾಕಲಾಯಿತು. ಮಾರಾಟ ನಿಂತ ಮಾತ್ರಕ್ಕೆ ಹಕ್ಕು ಕರಗುವುದಿಲ್ಲ. 'ಅಬ್ಯಾಂಡನ್‌ವೇರ್' (ಒಡೆಯರು ಕೈಬಿಟ್ಟ ತಂತ್ರಾಂಶ) ಎಂಬುದು ಹವ್ಯಾಸಿಗಳ ಮಾತು, ಕಾನೂನಿನದಲ್ಲ. ಕಂಪನಿಯೊಂದು ತನ್ನ ನೌಕರರಿಂದ ಬರೆಯಿಸಿ 1982ರಲ್ಲಿ ಪ್ರಕಟಿಸಿದ ತಂತ್ರಾಂಶಕ್ಕೆ ಅಮೆರಿಕದಲ್ಲಿ 95 ವರ್ಷಗಳ, ಅಂದರೆ 2077ರ ಕೊನೆಯವರೆಗಿನ, ರಕ್ಷಣೆಯಿದೆ. ಹತ್ತು ವರ್ಷ ಬಾಳಿದರೆ ಹೆಚ್ಚೆನಿಸುವ ಯಂತ್ರಕ್ಕೆ ಇಷ್ಟು ದೀರ್ಘ ಕಾವಲು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಕಂಪನಿ ಮುಳುಗಿದರೂ ಹಕ್ಕು ಉಳಿದ ಆಸ್ತಿಯಂತೆಯೇ ಕೈ ಬದಲಾಯಿಸುತ್ತದೆ. ಅಮಿಗಾ ಕಂಪ್ಯೂಟರುಗಳನ್ನು ತಯಾರಿಸುತ್ತಿದ್ದ ಕಮೊಡೋರ್ 1994ರಲ್ಲಿ ದಿವಾಳಿಯಾಯಿತು. ಅದರ ಅಮಿಗಾ ರೋಮ್‌ಗಳನ್ನು ಆ ಬಳಿಕ ಕ್ಲೋಆಂಟೊ ಎಂಬ ಸಂಸ್ಥೆ ಪರವಾನಗಿಯೊಡನೆ ಮಾರುತ್ತ ಬಂದಿದೆ.

ನಿಮ್ಮ ಅದೃಷ್ಟಕ್ಕೆ ಸ್ಪೆಕ್ಟ್ರಮ್ ಇದಕ್ಕೊಂದು ಅಪವಾದ. 1986ರಲ್ಲಿ ತಯಾರಕ ಕಂಪನಿ ಸಿಂಕ್ಲೇರ್‌ನಿಂದ ಅದರ ಹಕ್ಕು ಕೊಂಡ ಆಮ್‌ಸ್ಟ್ರಾಡ್, ಹಕ್ಕುಸ್ವಾಮ್ಯದ ಸೂಚನೆಯನ್ನು ಅಳಿಸದೆ, ರೋಮ್‌ಗೆಂದು ಹಣ ಪಡೆಯದೆ, ಅದನ್ನು ಎಮ್ಯುಲೇಟರಿನೊಂದಿಗೆ ಹಂಚಬಹುದೆಂದು 1999ರಲ್ಲಿ ಬಹಿರಂಗವಾಗಿ ತಿಳಿಸಿತು. ಈ ಒಪ್ಪಿಗೆ ಆಟಗಳಿಗೆ ಅನ್ವಯಿಸದು. ಅವುಗಳ ಹಕ್ಕು ಆಯಾ ಪ್ರಕಾಶಕರದು.

ಪ್ರಶ್ನೆ: ಆಟದ ಮೂಲ ಕ್ಯಾಸೆಟ್ ನನ್ನ ಬಳಿಯಿದೆ. ಅದೇ ಆಟವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬಹುದೇ?

ಉತ್ತರ: ಅಮೆರಿಕದ ಕಾಯ್ದೆಯ 117ನೇ ವಿಧಿಯೂ, ಐರೋಪ್ಯ ಸಮುದಾಯದ 1991ರ ತಂತ್ರಾಂಶ ನಿರ್ದೇಶನವೂ ತಂತ್ರಾಂಶವನ್ನು ನ್ಯಾಯವಾಗಿ ಪಡೆದವರಿಗೆ ಕಾಪು ಪ್ರತಿ (ಬ್ಯಾಕಪ್) ಮಾಡಿಕೊಳ್ಳಲು ಅವಕಾಶ ಕೊಟ್ಟವು. ಆದರೆ ಅದು ನಿಮ್ಮಲ್ಲಿರುವ ಪ್ರತಿಯಿಂದ ನೀವು ಮಾಡಿಕೊಳ್ಳುವ ನಕಲಿನ ಮಾತು. ಅಪರಿಚಿತರು ಎಲ್ಲರಿಗಾಗಿ ಏರಿಸಿದ ಕಡತಕ್ಕೆ ಆ ನೆರಳು ಚಾಚುತ್ತದೆಂದು ನಂಬಿ ಕೂರಬೇಡಿ. ಟೇಪ್ ಪ್ಲೇಯರನ್ನು ಕಂಪ್ಯೂಟರಿನ ಧ್ವನಿ ಕಿಂಡಿಗೆ ಜೋಡಿಸಿ ನೀವೇ ದಾಖಲಿಸಿಕೊಳ್ಳಿ; ಅಷ್ಟು ಕಷ್ಟದ ಕೆಲಸವೇನಲ್ಲ.

ಪ್ರಶ್ನೆ: ಮೂಲ ರೋಮ್ ಇಲ್ಲದೆಯೇ ಎಮ್ಯುಲೇಟರ್ ನಡೆಸಬಹುದೇ?

ಉತ್ತರ: ಕೆಲವು ಯಂತ್ರಗಳಿಗೆ ಸಾಧ್ಯ. ಅಟಾರಿ ಎಸ್‌ಟಿಗೆ ಎಮುಟಾಸ್, ಎಂಎಸ್‌ಎಕ್ಸ್‌ಗೆ ಸಿ-ಬಯೋಸ್ ಎಂಬ ಮುಕ್ತ ಬದಲಿಗಳಿವೆ. ಮೂಲ ರೋಮ್‌ನ ನಿರ್ದಿಷ್ಟ ವಿಳಾಸಗಳಿಗೆ ನೇರವಾಗಿ ಕೈಹಾಕುತ್ತಿದ್ದ ಹಳೆಯ ಪ್ರೋಗ್ರಾಮುಗಳು ಮಾತ್ರ ಇಂಥ ಬದಲಿಗಳಲ್ಲಿ ಮುಗ್ಗರಿಸಬಹುದು.