ಪಾರ್ಸೆಲ್ ಎಲ್ಲಿ ಅಂತ ಜರ್ಮನ್‌ನಲ್ಲಿ ಕೇಳೋದು ಹೇಗೆ?

ಪ್ರಶ್ನೆ: ಮದುವೆಯಾಗಿ ಸ್ಟುಟ್‌ಗಾರ್ಟ್‌ಗೆ ಬಂದು ನಾಲ್ಕು ತಿಂಗಳಾಯಿತು. ಮೈಸೂರಿನಲ್ಲೇ ಎ1, ಅಂದರೆ ಆರಂಭದ ಮಟ್ಟದ ಜರ್ಮನ್ ಕಲಿತಿದ್ದೆ, ಆದರೆ ಪಾರ್ಸೆಲ್ ವಿಚಾರಿಸಬೇಕಾದರೆ ಬಾಯೇ ಬರೋದಿಲ್ಲ. ಹೋದ ವಾರ ಪಾರ್ಸೆಲ್ ಪಕ್ಕದ ಮನೆಯಲ್ಲಿದೆ ಅಂತ ಚೀಟಿ ಹಾಕಿ ಹೋಗಿದ್ದರು. ಕೇಳೋಕೆ ಗಂಡ ಬರೋವರೆಗೂ ಕಾದೆ. ಮೊದಲು ಯಾವ ಮಾತು ಕಲಿಯಲಿ?
– ಓದುಗಿ, ಸ್ಟುಟ್‌ಗಾರ್ಟ್

ಉತ್ತರ: ಪಕ್ಕದ ಮನೆ ಬಾಗಿಲಿನಿಂದಲೇ ಶುರು ಮಾಡಿ. ನೀವು ಮನೆಯಲ್ಲಿಲ್ಲದಿದ್ದರೆ ಪಾರ್ಸೆಲ್ ನೆರೆಯವರ ಕೈಗೆ ಕೊಟ್ಟು ಹೋಗೋದು ಅಲ್ಲಿ ಮಾಮೂಲಿ, ಹಾಗಾಗಿ ಕೇಳೋಕೆ ಸಂಕೋಚ ಬೇಡ. ಬೆಲ್ ಒತ್ತಿ, ‘ಗುಟನ್ ಟಾಗ್’ ಅಂದು ನಿಮ್ಮ ಹೆಸರು ಹೇಳಿ. ಆಮೇಲೆ ಇಷ್ಟೇ: ‘ಹಾಬನ್ ಜೀ ಐನ್ ಪಕೇಟ್ ಫ್ಯೂರ್ ಮಿಷ್ ಆನ್‌ಗೆನೊಮನ್?’ ನನ್ನ ಪಾರ್ಸೆಲ್ ತಗೊಂಡಿಟ್ಟಿದ್ದೀರಾ ಅಂತ. ಇಲ್ಲಿ ‘ಜೀ’ ಅಂದರೆ ನಮ್ಮ ‘ನೀವು’, ‘ದೂ’ ಅಂದರೆ ‘ನೀನು’. ಗುರುತಿಲ್ಲದವರಿಗೆ ‘ದೂ’ ಬೇಡ.

ವಾಕ್ಯದ ಕೊನೆಯಲ್ಲಿ ‘ಆನ್‌ಗೆನೊಮನ್’ ಬಂತು ನೋಡಿ, ‘ತಗೊಂಡಿದ್ದೀರಾ’ ಕನ್ನಡದಲ್ಲೂ ಕೊನೆಗೇ ಬರುತ್ತೆ ಅಲ್ವಾ? ಇಂಗ್ಲಿಷ್ ಮೂಲಕ ಯೋಚಿಸೋಕೆ ಹೋಗಿ ತಡವರಿಸೋದಕ್ಕಿಂತ ಇಂಥ ಕಡೆ ಕನ್ನಡವನ್ನೇ ಹಿಡಿದುಕೊಳ್ಳಿ. ಪೋಸ್ಟ್ ಕೌಂಟರಿಗೆ ಹೋದಾಗಲೂ ಹಾಗೇ: ‘ಇಷ್ ಮ್ಯೋಷ್ಟೆ ಐನ್ ಪಕೇಟ್ ಆಬ್‌ಹೋಲನ್’, ನಾನೊಂದು ಪಾರ್ಸೆಲ್ ತಗೊಂಡು ಹೋಗಬೇಕು. ಚೀಟಿ ಜೊತೆ ಪಾಸ್‌ಪೋರ್ಟೂ ಇರಲಿ, ‘ಆಉಸ್‌ವೈಸ್’ ಅಂತ ಕೇಳಿದರೆ ಗುರುತಿನ ಚೀಟಿ ಕೇಳ್ತಿದ್ದಾರೆ ಅಂತ ಅರ್ಥ.

ಫೋನಿನಲ್ಲಿ ಸ್ವಲ್ಪ ಕಷ್ಟ ಜಾಸ್ತಿ. ‘ಮೈನ್ ಪಕೇಟ್ ಇಸ್ಟ್ ನಿಷ್ಟ್ ಆನ್‌ಗೆಕೊಮನ್’, ನನ್ನ ಪಾರ್ಸೆಲ್ ಬಂದಿಲ್ಲ ಅಂದ ಕೂಡಲೇ ಅವರು ‘ಜೆಂಡುಂಗ್ಸ್‌ನುಮರ್’ ಕೇಳ್ತಾರೆ, ಅದು ಟ್ರ್ಯಾಕಿಂಗ್ ನಂಬರ್. ಅದನ್ನು ಜೋಡಿ ಜೋಡಿಯಾಗಿ ಹೇಳಬೇಡಿ. ಜರ್ಮನ್‌ನಲ್ಲಿ 24ಕ್ಕೆ ‘ನಾಲ್ಕು ಮತ್ತು ಇಪ್ಪತ್ತು’ ಅಂತಾರೆ, ಬರೆದುಕೊಳ್ಳುವಾಗ 42 ಆಗಿಬಿಡುತ್ತೆ. ಒಂದೊಂದೇ ಅಂಕಿ ಹೇಳಿ. ಎರಡಕ್ಕೆ ‘ತ್ಸ್ವೈ’ ಬದಲು ‘ತ್ಸ್ವೋ’ ಅನ್ನಿ, ಮೂರರ ‘ದ್ರೈ’ ಜೊತೆ ಗೊಂದಲ ಆಗದಿರಲಿ ಅಂತ ಅಲ್ಲಿಯವರೇ ಫೋನಿನಲ್ಲಿ ಹಾಗೆ ಹೇಳ್ತಾರೆ.

‘ವಾನ್ ಕೊಮ್ಟ್ ಮೈನ್ ಪಕೇಟ್?’ ಯಾವಾಗ ಬರುತ್ತೆ ಅಂತ ಕೇಳಿದಾಗ ‘ಹಾಲ್ಪ್ ದ್ರೈ’ ಅಂದರೆ ಮೂರೂವರೆ ಅಲ್ಲ, ಎರಡೂವರೆ! ಮೂರು ಆಗೋಕೆ ಅರ್ಧ ಗಂಟೆ ಬಾಕಿ ಅಂತ ಲೆಕ್ಕ. ಇದನ್ನು ಮರೆತು ಒಂದು ಗಂಟೆ ತಡವಾಗಿ ಮನೆಗೆ ಬಂದರೆ ಮತ್ತೆ ಚೀಟಿಯೇ ಸಿಗೋದು. ಅರ್ಥವಾಗದಿದ್ದರೆ ಸುಮ್ನೆ ‘ಯಾ, ಯಾ’ ಅನ್ನಬೇಡಿ. ‘ಬಿಟ್ಟೆ ಲಾಂಗ್‌ಜಾಮರ್’, ದಯವಿಟ್ಟು ನಿಧಾನವಾಗಿ, ಅನ್ನಿ.

ಇನ್ನೊಂದು ವಿಷಯ. ಅಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಮನೆ ನಂಬರ್ ಇರೋದಿಲ್ಲ, ಬೆಲ್ ಮೇಲಿನ ಹೆಸರು ನೋಡಿಯೇ ಕೊಡೋದು. ಮದುವೆಯಾದ ಮೇಲೂ ನಿಮ್ಮದು ತಂದೆಯ ಹೆಸರೋ ಊರಿನ ಹೆಸರೋ ಆಗಿದ್ದು, ಬೆಲ್ ಮೇಲೆ ಗಂಡನ ಹೆಸರು ಮಾತ್ರ ಇದ್ದರೆ, ಪಾರ್ಸೆಲ್ ವಾಪಸ್ ಹೋಗೋ ಸಾಧ್ಯತೆ ಇದೆ. ಇವತ್ತೇ ಮನೆ ಮಾಲೀಕರನ್ನು ಕೇಳಿ ಬೆಲ್ ಮೇಲೂ ಲೆಟರ್ ಬಾಕ್ಸ್ ಮೇಲೂ ನಿಮ್ಮ ಹೆಸರು ಹಾಕಿಸಿ.

ಪ್ರಶ್ನೆ: ಮಗ ಮ್ಯೂನಿಕ್‌ನಲ್ಲಿದ್ದಾನೆ. ಧಾರವಾಡ ಪೇಡಾ ಪೋಸ್ಟ್‌ನಲ್ಲಿ ಕಳಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ ಸರ್. ಹಾಲಿನ ಪದಾರ್ಥ, ಮಾಂಸ ಇವನ್ನು ಭಾರತದಿಂದ ಪೋಸ್ಟ್‌ನಲ್ಲಿ ಕಳಿಸೋ ಹಾಗಿಲ್ಲ, ತುಪ್ಪವೂ ಅದರಲ್ಲೇ ಬಂತು. ಬಟ್ಟೆ, ಪುಸ್ತಕದಂಥ ಉಡುಗೊರೆ 45 ಯೂರೋ ಒಳಗಿದ್ದರೆ ಸುಂಕ ಬೀಳೋದಿಲ್ಲ. ಫಾರಂನಲ್ಲಿ ಒಳಗಿರೋದನ್ನೆಲ್ಲ ಬೆಲೆ ಸಮೇತ ಬರೆಯಿರಿ. ಕಸ್ಟಮ್ಸ್‌ನವರು ಮಗನನ್ನು ಕರೆದರೆ ಹೇಳೋಕೆ ಈ ಮಾತು ಕಲಿಸಿಡಿ: ‘ದಾಸ್ ಇಸ್ಟ್ ಐನ್ ಗೆಶೆಂಕ್ ಫೊನ್ ಮೈನನ್ ಎಲ್ಟರ್ನ್’, ಇದು ನಮ್ಮ ಅಪ್ಪ ಅಮ್ಮ ಕಳಿಸಿದ ಉಡುಗೊರೆ.